ಎಡಗೈಗೆ ದೊಡ್ಡ ರೈಫಲ್: ಹುಡುಕೋದು ಬಿಟ್ಟೆ, ಮಾಡಿಸಿಕೊಂಡೆ

ಮೊದಲೇ ಹೇಳಿಬಿಡುತ್ತೇನೆ. ಎಡಗೈ ಬೋಲ್ಟಿನ (ತೋಟಾ ಒಳಗೆ ತಳ್ಳುವ, ಖಾಲಿ ಕೇಸ್ ಹೊರಗೆ ಎಳೆಯುವ ಉಕ್ಕಿನ ಕೊಂತದ ಹಿಡಿ ಎಡಕ್ಕಿರುವ) .458 ವಿಂಚೆಸ್ಟರ್ ಮ್ಯಾಗ್ನಮ್ ರೈಫಲ್ ಈಗ ನನ್ನ ಕಪಾಟಿನಲ್ಲಿದೆ. ದುಂಡು ಮೂತಿಯ ತೋಟಾ ಮೂರು ತುಂಬಿ, ಬೋಲ್ಟನ್ನು ನಿಧಾನಕ್ಕೆ ತಳ್ಳಿದರೂ ಸರಿ, ಸಿಟ್ಟಿನಿಂದ ತಳ್ಳಿದರೂ ಸರಿ, ಮೂರೂ ಒಳಗೆ ಹೋಗುತ್ತವೆ. ಕಾರ್ಖಾನೆಯಲ್ಲಿ ಅದು .458 ಆಗಿರಲಿಲ್ಲ, .338 ವಿಂಚೆಸ್ಟರ್ ಮ್ಯಾಗ್ನಮ್ ಆಗಿತ್ತು. ಆಗೋ ಕೆಲಸ ಅಲ್ಲ ಅಂದವರು ಬೇಕಾದಷ್ಟು ಜನ. ಅವರಲ್ಲಿ ಇಬ್ಬರು ಈಗ ಅದನ್ನು ಭುಜಕ್ಕೆ ಇಟ್ಟು ನೋಡಿ, ಮಾರೋದಾದರೆ ಹೇಳಿ ಅಂದಿದ್ದಾರೆ. ಮಾರಲ್ಲ.

ಎಡಚರಿಗೆ ಈ ಕಷ್ಟ ಗೊತ್ತಿರುತ್ತದೆ. ಎಡಗೈ ರೈಫಲ್ ಬೇಕೇ? ಸಿಗುತ್ತದೆ. ಸ್ಯಾವೇಜ್‌ನವರು 110ರ ಎಡಗೈ ಮಾದರಿ ಮಾಡಿದ್ದೇ 1959ರಲ್ಲಿ. ರೆಮಿಂಗ್ಟನ್ 700 ಇದೆ, ವೆದರ್ಬಿ ಮಾರ್ಕ್ 5 ಇದೆ, ರೂಗರ್ ಇದೆ. ದೊಡ್ಡ ಕ್ಯಾಲಿಬರ್, ಅಂದರೆ ದಪ್ಪ ಗುಂಡಿನದ್ದು ಬೇಕೇ? (.458 ಥರದ ಅಂಕಿ ಹೆಚ್ಚುಕಮ್ಮಿ ಗುಂಡಿನ ದಪ್ಪ, ಇಂಚಿನಲ್ಲಿ.) ಅದೂ ಸಿಗುತ್ತದೆ. ಎರಡೂ ಒಂದರಲ್ಲೇ ಬೇಕು ಅಂದಾಗ ಅಂಗಡಿಯವನು ನಗುತ್ತಾನೆ. ಜನರಲ್ಲಿ ಹತ್ತಕ್ಕೊಬ್ಬ ಎಡಚ. ಅವರಲ್ಲಿ .375ರ ಮೇಲಿನದ್ದು ಕೊಳ್ಳುವವರು ಎಷ್ಟು ಮಂದಿ ಇರಬಹುದು ಹೇಳಿ. ಹಾಗಾಗಿ ಕಾರ್ಖಾನೆಗಳು .300 ವಿಂಚೆಸ್ಟರ್‌ವರೆಗೆ ಎಡಗೈಯಲ್ಲಿ ಧಾರಾಳವಾಗಿ ಮಾಡುತ್ತವೆ. ಅಲ್ಲಿಂದ ಮೇಲೆ ಕೈ ಬಿಗಿ. .375 ರೂಗರ್, .416 ರೂಗರ್ ಎಡಗೈಯಲ್ಲಿ ಬಂದದ್ದುಂಟು. ಆದರೆ ಕೊಂಡವರು ಮಾರುವುದಿಲ್ಲ. ಮಾರಿದರೂ ಹೊಸದರ ಬೆಲೆಗಿಂತ ಜಾಸ್ತಿ ಕೇಳುತ್ತಾರೆ. ಬ್ಲೇಸರ್ ಆರ್8ನಲ್ಲಿ ಬೋಲ್ಟ್ ಜೋಡಣೆಯನ್ನೇ ಎಡಗೈಗೆ ಬದಲಿಸಿಕೊಳ್ಳಬಹುದು, ಒಳ್ಳೆಯ ಯೋಚನೆ. ಆ ದುಡ್ಡಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ.

ಹಳೆಯ ರೈಫಲ್‌ಗಳ ಜಾಹೀರಾತು ನೋಡುತ್ತಾ ಎರಡು ಮೂರು ವರ್ಷ ಕಳೆದಿರಬೇಕು. ಅಲ್ಲಿ ಕಲಿತದ್ದು ಇಷ್ಟು. 'ಎಡಗೈ ರೈಫಲ್' ಅಂತ ಬರೆದದ್ದರಲ್ಲಿ ಅರ್ಧಕ್ಕರ್ಧ ಬರೀ ಸ್ಟಾಕ್ (ಭುಜಕ್ಕೆ ಇಡುವ ಮರದ ಭಾಗ) ಎಡಗೈಯದ್ದು. ಕೆನ್ನೆಯ ಉಬ್ಬು ಬಲಬದಿಗೆ ಇರುತ್ತದೆ, ಬೋಲ್ಟ್ ಹಿಡಿಯೂ ಬಲಕ್ಕೇ ಇರುತ್ತದೆ. ಇನ್ನು ಕೆಲವು ಫೋಟೋಗಳೇ ಕನ್ನಡಿಯಂತೆ ತಿರುಗಿರುತ್ತವೆ. ಮಾರುವವನು ಬೇಕಂತ ಮಾಡಿದ್ದೋ, ಫೋನಿನ ಕೆಲಸವೋ, ಗೊತ್ತಾಗುವುದಿಲ್ಲ. ಬ್ಯಾರೆಲ್ ಮೇಲಿನ ಅಕ್ಷರ ದೊಡ್ಡದು ಮಾಡಿ ನೋಡಿ. ಅಕ್ಷರ ಉಲ್ಟಾ ಇದ್ದರೆ ಅಲ್ಲಿಗೇ ಬಿಡಿ.

ಇದರ ಇನ್ನೊಂದು ಮಗ್ಗುಲೂ ಇದೆ. ನಿಜವಾದ ಎಡಗೈ ರೈಫಲ್ ಮಾರುವ ಬಹಳ ಜನ ಅದು ಎಡಗೈಯದ್ದು ಅಂತ ಬರೆಯುವುದೇ ಇಲ್ಲ. ಅಪ್ಪನದ್ದೋ ಮಾವನದ್ದೋ ಆಗಿರುತ್ತದೆ, ಇವರಿಗೆ ಅದರ ಗೊಡವೆ ಇರುವುದಿಲ್ಲ. ಅದಕ್ಕೇ ನಾನು ಶೀರ್ಷಿಕೆ ಓದುವುದು ಬಿಟ್ಟೆ. ಕ್ಯಾಲಿಬರ್ ಹೆಸರು ಹಾಕಿ ಹುಡುಕಿ, ಬರೀ ಫೋಟೋ ನೋಡುತ್ತಾ ಹೋದೆ. ಕಣ್ಣು ನೋಯುವ ಕೆಲಸ. ಆದರೆ ಪೈಪೋಟಿ ಇಲ್ಲ.

ದುಡ್ಡು ಸಿಕ್ಕಿಕೊಂಡದ್ದೂ ಇದೆ. ಒಬ್ಬ ಡೀಲರ್ 'ಎಡಗೈ .375 ಎಚ್ ಅಂಡ್ ಎಚ್ (ಹಾಲೆಂಡ್ ಅಂಡ್ ಹಾಲೆಂಡ್) ವಿಶೇಷ ತಯಾರಿ ಬರುತ್ತಿದೆ' ಅಂದ. ರೈಫಲ್ ಬೆಲೆಯ ಕಾಲು ಭಾಗ ಮುಂಗಡ ಕೊಟ್ಟೆ. ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ಒಂದು ವರ್ಷ ದಾಟಿತು. ದುಡ್ಡು ವಾಪಸ್ಸು ಬಂತು, ಅದೂ ಮೂರು ಕಂತಿನಲ್ಲಿ. ಅಷ್ಟರಲ್ಲಿ ನೋಡಿಟ್ಟ ಒಂದು ಒಳ್ಳೆಯ ರೈಫಲ್ ಬೇರೆಯವರ ಪಾಲಾಗಿತ್ತು.

ಈ ನಡುವೆ ಅಡ್ಡದಾರಿಗಳನ್ನೂ ನೋಡಿದೆ. ಬಲಗೈ ಬೋಲ್ಟಿನಲ್ಲೇ ಎಡಭುಜದಿಂದ ಹೊಡೆಯೋಣ ಅಂತ ಒಂದು ಸುತ್ತು. ಬೆಂಚಿನ ಮೇಲೆ ಏನೂ ತೊಂದರೆ ಇಲ್ಲ. ನಿಂತು ಹೊಡೆದಾಗ ಎಡಗೈ ಹಿಡಿ ಬಿಟ್ಟು ಮೇಲಿಂದ ಆಚೆ ಬದಿಗೆ ಹೋಗಬೇಕು. ಅಷ್ಟರಲ್ಲಿ ಕೋವಿಯ ಮೂತಿ ಕೆಳಗೆ ಬಿದ್ದಿರುತ್ತದೆ. ಖಾಲಿ ಕೇಸ್ ಮೂಗಿನ ಮುಂದೆಯೇ ಹಾರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ತೋಟಾ ಹೊರಬೀಳುವ ಕಂಡಿ ನಮ್ಮ ಮುಖದ ಕಡೆಗೇ ಇರುತ್ತದೆ. ಈ ಗಾತ್ರದ ತೋಟಾದ ಬುಡ ಎಂದಾದರೂ ಬಿರಿದರೆ ಬಿಸಿ ಅನಿಲ ಎಲ್ಲಿಗೆ ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ. ನಾನು ಮುಂದುವರಿಸಲಿಲ್ಲ.

ಡಬಲ್ ರೈಫಲ್ (ಬೋಲ್ಟ್ ಇಲ್ಲದ, ಎರಡು ಬ್ಯಾರೆಲಿನ ಕೋವಿ) ಎರಡು ಕೈಗೂ ಆಗುತ್ತದೆ ಅನ್ನುತ್ತಾರೆ. ಹೆಚ್ಚುಕಮ್ಮಿ ನಿಜ. ಆದರೆ ಸ್ಟಾಕ್ ಬಲಗೈಯವರಿಗೆಂದು ಬಲಕ್ಕೆ ವಾಲಿರುತ್ತದೆ. ಬಿಸಿ ಎಣ್ಣೆ ಹಾಕಿ ಮರವನ್ನು ಎಡಕ್ಕೆ ಬಗ್ಗಿಸುವ ಕುಶಲಿಗಳಿದ್ದಾರೆ. ಅವರ ಕೂಲಿ ಕೊಡಬಲ್ಲೆ, ಡಬಲ್ ರೈಫಲ್ ಕೊಳ್ಳಲಾರೆ. ಬೋಲ್ಟಿನ ಬದಲು ಕೆಳಗಿನ ಸನ್ನೆ ಎಳೆದು ತುಂಬುವ ಲಿವರ್ ಆ್ಯಕ್ಷನ್ .45-70ಯನ್ನು ಒಂದು ಬೇಸಿಗೆ ಇಟ್ಟುಕೊಂಡಿದ್ದೆ. ಖುಷಿ ಕೊಡುವ ಕೋವಿ, ಆದರೆ .458ರ ಜಾಗಕ್ಕೆ ಅದು ಸಾಲದು.

ರೂಗರ್ ನಂಬರ್ 1 ಮಾತ್ರ ಮನಸ್ಸಿಗೆ ಹತ್ತಿರ ಬಂತು. 1967ರಿಂದ ಇರುವ ಮಾದರಿ, ಒಂದೇ ತೋಟಾ. ತೋಟಾದ ಹಿಂದೆ ಮುಚ್ಚುವ ಬ್ಲಾಕ್ ಕೆಳಗೆ ಇಳಿಯುತ್ತದೆ, ಸೇಫ್ಟಿ ನಡುವಿನಲ್ಲಿ ಹೆಬ್ಬೆರಳಿನ ಕೆಳಗೆ ಇದೆ. ಎಡ ಬಲ ಅನ್ನುವ ಜಗಳವೇ ಇಲ್ಲ. .458ರಲ್ಲೂ ಬಂದಿದೆ. ಎರಡನೇ ತೋಟಾ ಬೆರಳ ಸಂದಿಯಲ್ಲಿ ಹಿಡಿದು ಅಭ್ಯಾಸ ಮಾಡಿದೆ. ಸುಮಾರು ನಾಲ್ಕು ಸೆಕೆಂಡಿಗೆ ಎರಡನೇ ಗುಂಡು ಹೋಗುತ್ತಿತ್ತು. ಅದೇ ಬೋಲ್ಟಿನಲ್ಲಿ ಎರಡು ಸೆಕೆಂಡು ಸಾಕು. ದೊಡ್ಡ ಪ್ರಾಣಿಯ ಮುಂದೆ ಆ ಎರಡು ಸೆಕೆಂಡಿನ ಬೆಲೆ ಗೊತ್ತಿರುವವರಿಗೆ ಗೊತ್ತು. ಇಷ್ಟಾದರೂ, ಒಂದೇ ಗುಂಡಿನಲ್ಲಿ ಮುಗಿಸುವ ತಾಳ್ಮೆ ಇದ್ದ ಎಡಚ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಅದೇ.

ಕೊನೆಗೆ ದಾರಿ ಸಿಕ್ಕಿದ್ದು ಬೋಲ್ಟ್ ಫೇಸಿನಿಂದ, ಅಂದರೆ ತೋಟಾದ ಬುಡ ಕೂರುವ ಬೋಲ್ಟಿನ ಮುಂತುದಿಯಿಂದ. 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, .300 ವಿಂಚೆಸ್ಟರ್, .338 ವಿಂಚೆಸ್ಟರ್, .375 ಎಚ್ ಅಂಡ್ ಎಚ್, .416 ರೆಮಿಂಗ್ಟನ್, .458 ವಿಂಚೆಸ್ಟರ್, .458 ಲಾಟ್ ಎಲ್ಲದರ ಬುಡ ಒಂದೇ, 0.532 ಇಂಚು. .375 ರೂಗರ್‌ಗೆ ಬೆಲ್ಟ್ (ಬುಡದ ಹತ್ತಿರದ ಉಬ್ಬು ಪಟ್ಟಿ) ಇಲ್ಲದಿದ್ದರೂ ಬುಡ ಅಷ್ಟೇ. ಅಂದರೆ ಹುಡುಕಬೇಕಾದದ್ದು ಎಡಗೈ ದೊಡ್ಡ ಕ್ಯಾಲಿಬರ್ ಅಲ್ಲ. ಎಡಗೈ ಮ್ಯಾಗ್ನಮ್ ಆ್ಯಕ್ಷನ್, ಅಂದರೆ ಬೋಲ್ಟ್ ಮತ್ತು ಅದು ಓಡಾಡುವ ಉಕ್ಕಿನ ಮೈ. ಅದು ಸಿಗುತ್ತದೆ, ಅಗ್ಗಕ್ಕೂ ಸಿಗುತ್ತದೆ. ಅದರಲ್ಲೂ .338. ಅದನ್ನು ಆಸೆಪಟ್ಟು ಕೊಂಡು, ಒಂದು ಪೆಟ್ಟಿಗೆ ತೋಟಾ ಹೊಡೆದು, ಭುಜ ಹಿಡಿದುಕೊಂಡು ಮಾರಿಬಿಡುವವರು ಬಹಳ. ನನಗೆ ಸಿಕ್ಕಿದ್ದು ಅಂಥದ್ದೇ, ಬ್ಯಾರೆಲ್ ಒಳಗೆ ಇನ್ನೂ ಹೊಳಪಿತ್ತು.

.338 ಮತ್ತು .458 ಎರಡರದ್ದೂ ಕೇಸಿನ ಉದ್ದ ಎರಡೂವರೆ ಇಂಚು. .458 ಬಂದದ್ದು 1956ರಲ್ಲಿ, .338 ಬಂದದ್ದು 1958ರಲ್ಲಿ, ಒಂದೇ ಮನೆಯ ಅಣ್ಣತಮ್ಮಂದಿರು. ತುಂಬಿದ ತೋಟಾದ ಉದ್ದವೂ ಅದೇ 3.34 ಇಂಚಿನ ಒಳಗೆ. ಹಾಗಾಗಿ ಮ್ಯಾಗಜೀನ್ ಪೆಟ್ಟಿಗೆ ಮುಟ್ಟಬೇಕಾಗಿಲ್ಲ. .375 ಎಚ್ ಅಂಡ್ ಎಚ್ ಅಥವಾ ಲಾಟ್ ಬೇಕು ಅಂದಿದ್ದರೆ 3.6 ಇಂಚಿಗೆ ಜಾಗ ಮಾಡಬೇಕಿತ್ತು, ಪೆಟ್ಟಿಗೆ ಬದಲು, ಉಕ್ಕು ಕೆತ್ತುವುದು, ದುಪ್ಪಟ್ಟು ಖರ್ಚು. .416 ರಿಗ್ಬಿಯ ಆಸೆ ಇದ್ದವರು ಈ ದಾರಿಗೆ ಬರಲೇಬೇಡಿ, ಅದರ ಬುಡವೇ 0.59 ಇಂಚು. ಹಳೆಯ .338 ಬ್ಯಾರೆಲನ್ನೇ ಕೊರೆಸಿ .416 ಟೇಲರ್ ಮಾಡಿಸುವ ಯೋಚನೆಯೂ ಬಂದಿತ್ತು. ಅಗ್ಗದ ದಾರಿ. ಆದರೆ ಆ ತೋಟಾ ಅಂಗಡಿಯಲ್ಲಿ ಸಿಗುವುದಿಲ್ಲ, ಪ್ರತಿ ಗುಂಡನ್ನೂ ಕೂತು ತುಂಬಿಕೊಳ್ಳಬೇಕು.

ಮೊದಲ ಗನ್‌ಸ್ಮಿತ್ ಕೆಲಸ ಒಲ್ಲೆ ಅಂದ. ಅವನ ವಾದ ಹೀಗೆ: .338ರ ಕೇಸಿಗೆ ಕುತ್ತಿಗೆ ಇದೆ, .458 ನೆಟ್ಟಗಿನ ಕೊಳವೆ. ಮ್ಯಾಗಜೀನಿನ ಹಳಿಗಳು, ಅಂದರೆ ತೋಟಾವನ್ನು ಎರಡು ಬದಿಯಿಂದ ಹಿಡಿದಿಡುವ ಅಂಚುಗಳು, ಕುತ್ತಿಗೆ ಇರುವ ತೋಟಾಕ್ಕೆ ತಕ್ಕಂತೆ ಇರುತ್ತವೆ. ನೆಟ್ಟಗಿನದ್ದು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಎಡಗೈ ಆ್ಯಕ್ಷನ್ ಒಂದನ್ನು ಹಾಳು ಮಾಡಿದರೆ ಇನ್ನೊಂದು ಎಲ್ಲಿಂದ ತರುತ್ತೀರಿ? ವಾದ ಸುಳ್ಳಲ್ಲ. ಎರಡನೆಯವನು ಬ್ಯಾರೆಲ್ ಹಾಕುತ್ತೇನೆ, ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ಚೇಂಬರಿಗೂ ನಡುವಿನ ಅಂತರ) ಗೇಜ್ ಇಟ್ಟು ನೋಡಿ ಕೊಡುತ್ತೇನೆ, ತೋಟಾ ಒಳಗೆ ಹೋಗುವುದು ನಿಮ್ಮ ಹಣೆಬರಹ ಅಂದ. ಒಪ್ಪಿದೆ.

ಮೊದಲನೆಯವನು ಹೇಳಿದಂತೆಯೇ ಆಯಿತು. ಎಡಹಳಿಯಿಂದ ಬಂದ ತೋಟಾ ಸಲೀಸಾಗಿ ಹೋಗುತ್ತಿತ್ತು. ಬಲಹಳಿಯದ್ದು ಮೂತಿ ಎತ್ತಿ, ಕೇಸಿನ ಬಾಯಿ ಚೇಂಬರಿನ (ಬ್ಯಾರೆಲ್‌ನಲ್ಲಿ ತೋಟಾ ಕೂರುವ ಜಾಗ) ಅಂಚಿಗೆ ತಗಲಿ ನಿಲ್ಲುತ್ತಿತ್ತು. ಜೋರು ಮಾಡಿದರೆ ಹಿತ್ತಾಳೆಯ ಸಣ್ಣ ಸುರುಳಿ ಕೆರೆದುಕೊಂಡು ಬರುತ್ತಿತ್ತು. ಮದ್ದು, ಕ್ಯಾಪು ಇಲ್ಲದ ಡಮ್ಮಿ ತೋಟಾಗಳಿಗೆ ಕಪ್ಪು ಮಾರ್ಕರ್ ಬಳಿದು ಸಂಜೆಯೆಲ್ಲ ಬೋಲ್ಟ್ ಎಳೆದೆ. ಎಲ್ಲಿ ಕಪ್ಪು ಹೋಗಿ ಹಿತ್ತಾಳೆ ಹೊಳೆಯುತ್ತದೋ ಅಲ್ಲಿ ಉಜ್ಜುತ್ತಿದೆ ಅಂತ ಅರ್ಥ. ಹೊಳೆದದ್ದು ಎರಡೇ ಕಡೆ. ಬಲಹಳಿಯ ಮುಂದಿನ ತುದಿ ಒಂದು, ತೋಟಾಗಳನ್ನು ಕೆಳಗಿನಿಂದ ಮೇಲೆ ತಳ್ಳುವ ತಟ್ಟೆ, ಫಾಲೋವರಿನ ಮುಂಭಾಗ ಇನ್ನೊಂದು. ಹಳಿಯನ್ನು ಬರೀ ನುಣುಪು ಮಾಡಿದೆವು, ಕೆತ್ತಲಿಲ್ಲ. ಒಮ್ಮೆ ಉಕ್ಕು ತೆಗೆದರೆ ಮತ್ತೆ ಅಂಟಿಸಲು ಆಗುವುದಿಲ್ಲವಲ್ಲ. ಉಳಿದದ್ದನ್ನೆಲ್ಲ ಫಾಲೋವರಿನಲ್ಲಿ ಸರಿ ಮಾಡಿದೆ. ಅದು ಹಾಳಾದರೆ ಇನ್ನೊಂದು ತರಬಹುದು. ಫಾಲೋವರಿನ ಯಾವ ಮೂಲೆಯನ್ನು ಎಷ್ಟು ಓರೆ ಮಾಡಿದೆ, ಸ್ಪ್ರಿಂಗಿಗೆ ಏನು ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನಗೆ ಒಂದು ಚಳಿಗಾಲವೇ ಹಿಡಿಯಿತು, ಸುಮ್ನೆ ಕೊಡೋಕೆ ಮನಸ್ಸಿಲ್ಲ.

ಆಮೇಲೆ ಒದೆತ. 500 ಗ್ರೇನಿನ (ಸುಮಾರು 32 ಗ್ರಾಂ) ಗುಂಡು ಸೆಕೆಂಡಿಗೆ 2,050 ಅಡಿ ಆಸುಪಾಸಿನಲ್ಲಿ ಹೋಗುವಾಗ, ಒಂಬತ್ತು ಪೌಂಡಿನ ಕೋವಿ ಸುಮಾರು 60 ಅಡಿ-ಪೌಂಡಿನಷ್ಟು ಒದೆಯುತ್ತದೆ. .338 ಅದರ ಅರ್ಧದ ಮೇಲೆ ಸ್ವಲ್ಪ. ಕಾರ್ಖಾನೆಯ ಸ್ಟಾಕ್ ಇಪ್ಪತ್ತು ಗುಂಡಿನೊಳಗೆ ಟ್ಯಾಂಗಿನ (ಆ್ಯಕ್ಷನ್ನಿನ ಹಿಂತುದಿಯ ನಾಲಗೆ) ಹಿಂದೆ ಕೂದಲೆಳೆಯಷ್ಟು ಬಿರಿಯಿತು. ಎಡಗೈ ಸ್ಟಾಕ್ ಬೇರೆ ತರಬೇಕೆಂದರೆ ಅದೂ ಅಪರೂಪ, ಅದಕ್ಕೇ ಇದ್ದದ್ದನ್ನೇ ಬದುಕಿಸಿದೆ. ಬಿರುಕಿಗೆ ಎಪಾಕ್ಸಿ ಹಾಕಿ, ಒಳಗೆ ಅಡ್ಡ ಬೋಲ್ಟ್ ಎರಡು ಕೂರಿಸಿ, ಬ್ಯಾರೆಲ್ ಕೆಳಗೆ ಒದೆತವನ್ನು ಮರಕ್ಕೆ ದಾಟಿಸುವ ಉಕ್ಕಿನ ಗಟ್ಟಿ, ರಿಕಾಯಿಲ್ ಲಗ್, ಎರಡನೆಯದ್ದು ಹಾಕಿಸಿ, ಉಕ್ಕಿಗೂ ಮರಕ್ಕೂ ನಡುವೆ ಪೂರ್ತಿ ಗ್ಲಾಸ್ ಬೆಡ್ಡಿಂಗ್ (ಗಟ್ಟಿಯಾಗುವ ಅಂಟಿನ ಹಾಸು) ಮಾಡಿದೆ. ಟ್ಯಾಂಗಿನ ಹಿಂದೆ ಕಾಗದದ ದಪ್ಪದಷ್ಟು ಸಂದು ಬಿಟ್ಟದ್ದೇ ಮುಖ್ಯ. ಉಕ್ಕು ಮರಕ್ಕೆ ಗುದ್ದಬಾರದು. ಅಂದಿನಿಂದ ನೂರರ ಮೇಲೆ ಗುಂಡು ಹೋಗಿದೆ, ಬಿರುಕು ಬೆಳೆದಿಲ್ಲ.

ಸ್ಕೋಪ್ ಬೇಸಿನ ಮುಂದಿನ ಸ್ಕ್ರೂ ಕತ್ತರಿಸಿ ಹೋಯಿತು. 6-48 ಸ್ಕ್ರೂ ಈ ಒದೆತಕ್ಕೆ ಸಾಲದು, ಎಲ್ಲವನ್ನೂ ಅದಕ್ಕಿಂತ ದಪ್ಪದ 8-40ಗೆ ಏರಿಸಿದೆ. ಸ್ಕೋಪ್ 1-4 ಪವರಿನದ್ದು, ಹಗುರ. ಕಣ್ಣಿಗೂ ಗಾಜಿಗೂ ನಾಲ್ಕು ಇಂಚು ಅಂತರ ಇರಲಿ, ಹುಬ್ಬಿನ ಆಸೆ ಇದ್ದರೆ.

ಲೆಕ್ಕಕ್ಕೆ ಬರೋಣ. ಹಳೆಯ ರೈಫಲ್‌ಗೆ ಕೊಟ್ಟದ್ದನ್ನು ಒಂದು ರೂಪಾಯಿ ಅಂತ ಇಟ್ಟುಕೊಳ್ಳಿ. ಹೊಸ ಬ್ಯಾರೆಲ್ ಅರವತ್ತು ಪೈಸೆ, ಕೂರಿಸಿದ ಕೂಲಿ ನಲವತ್ತು, ಸ್ಟಾಕಿನ ಕೆಲಸ ಮತ್ತು ಲಗ್ ಸೇರಿ ಇಪ್ಪತ್ತೈದು, ಸ್ಕ್ರೂ, ಗೇಜ್, ಡಮ್ಮಿ, ಪುಡಿಗಾಸು ಹತ್ತು. ಹಳೆಯ ಬ್ಯಾರೆಲ್ ಮಾರಿ ಹದಿನೈದು ವಾಪಸ್ಸು ಬಂತು. ಒಟ್ಟು ಎರಡು ರೂಪಾಯಿ ಇಪ್ಪತ್ತು ಪೈಸೆ. ಆಗ ಆರ್ಡರ್ ಕೊಟ್ಟು ಮಾಡಿಸುವ ಎಡಗೈ ರೈಫಲ್‌ಗೆ ನನಗೆ ಹೇಳಿದ ಬೆಲೆ ಈ ಲೆಕ್ಕದಲ್ಲಿ ಏಳು ರೂಪಾಯಿಯ ಮೇಲೆ, ಜೊತೆಗೆ ಕಾಯುವುದು ಬೇರೆ. ಒಂದು ಮಾತು. ಕ್ಯಾಲಿಬರ್ ಬದಲಾದರೆ ಲೈಸೆನ್ಸಿನಲ್ಲಿ ಬದಲಾಯಿಸಬೇಕಾದ ಕಡೆ, ಹೊಸ ಬ್ಯಾರೆಲ್ ಪ್ರೂಫ್ (ಹೆಚ್ಚಿನ ಒತ್ತಡದ ತೋಟಾ ಹೊಡೆದು ಪರೀಕ್ಷೆ) ಮಾಡಿಸಬೇಕಾದ ಕಡೆ, ಅದರ ವ್ಯವಸ್ಥೆ ಸೇರಿಸಿ, ಆ ಕೆಲಸ ಮೊದಲು ಮುಗಿಸಿ. ಬ್ಯಾರೆಲ್ ಬಿಚ್ಚುವುದು ಆಮೇಲೆ.

ಗುಂಡುಗಳ ವಿಷಯಕ್ಕೆ ಬಂದರೆ, .458ರಲ್ಲಿ ಮದ್ದನ್ನು ಅಮುಕಿ ತುಂಬಬೇಡಿ. ಹಳೆಯ ಕಾಲದಲ್ಲಿ ಅಮುಕಿದ ಮದ್ದು ಗಟ್ಟಿಯಾಗಿ ಈ ಕ್ಯಾಲಿಬರ್‌ಗೆ ಕೆಟ್ಟ ಹೆಸರು ತಂದದ್ದು ಎಲ್ಲರಿಗೂ ಗೊತ್ತು. ನಾನು ವೇಗದ ಹಿಂದೆ ಬಿದ್ದಿಲ್ಲ. 100 ಗಜದಲ್ಲಿ ಮೂರು ಗುಂಡು ಒಂದೂವರೆ ಇಂಚಿನೊಳಗೆ ಬೀಳುತ್ತವೆ, ಅಷ್ಟು ಸಾಕು. ದುಂಡು ಮೂತಿಯವು ಈಗ ಬೆಣ್ಣೆಯಂತೆ ಹೋಗುತ್ತವೆ. ಚಪ್ಪಟೆ ಮೂತಿಯ ಸಾಲಿಡ್ (ಹಿಗ್ಗದ ಗಟ್ಟಿ ಗುಂಡು) ಮಾತ್ರ ಬಲಹಳಿಯಿಂದ ಬರುವಾಗ ಒಮ್ಮೊಮ್ಮೆ ಮೊಂಡು ಹಿಡಿಯುತ್ತದೆ. ಗುಂಡನ್ನು ಸ್ವಲ್ಪ ಒಳಗೆ ಕೂರಿಸಿ ನೋಡಿದೆ, ಪರವಾಗಿಲ್ಲ ಅನ್ನಿಸಿತು. ಆದರೆ ಒಳಗೆ ಕೂರಿಸಿದರೆ ಮದ್ದಿಗೆ ಜಾಗ ಕಡಿಮೆ. ಇನ್ನೊಂದು ಫಾಲೋವರ್ ತರಿಸಿದ್ದೇನೆ, ಈ ಸಲ ಓರೆಯನ್ನು ಬೇರೆ ಕಡೆ ಕೊಟ್ಟು ನೋಡಬೇಕು.