ಇ-ಬುಕ್ ಹಕ್ಕು ವಾಪಸ್ ಬಂದದ್ದು ಹೀಗೆ

"ಸಹಿ ಹಾಕಿ ಕೊಟ್ಟಾಯ್ತಲ್ಲ, ಸುಮ್ನೆ ದುಡ್ಡು ಕಳ್ಕೋಬೇಡ" ಅಂತ ಬರೆಯುವ ಗೆಳೆಯರೆಲ್ಲ ಹೇಳಿದ್ದರು. ಈಗ ನನ್ನ ಮೊದಲ ಕಥಾಸಂಕಲನದ ಇ-ಬುಕ್ ನನ್ನದೇ ಖಾತೆಯಿಂದ ಮಾರಾಟವಾಗುತ್ತಿದೆ.

ಕರಾರು 2003ರದ್ದು. ಒಂದೇ ಹಾಳೆ. "ಪ್ರಕಟಣೆಯ ಹಕ್ಕನ್ನು ವಹಿಸಿಕೊಟ್ಟಿದ್ದೇನೆ" ಅಂತ ಒಂದು ಸಾಲು, ಕೆಳಗೆ ಸಹಿ. ಎಷ್ಟು ವರ್ಷಕ್ಕೆ ಅಂತ ಇಲ್ಲ. ಒಂದು ದಿನ ನೋಡಿದರೆ ಪ್ರಕಾಶಕರು ಪುಸ್ತಕ ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಮಾರಾಟಕ್ಕಿಟ್ಟಿದ್ದರು. ನನಗೊಂದು ಮಾತು ಹೇಳಿರಲಿಲ್ಲ, ಒಂದು ಪೈಸೆ ಕೊಟ್ಟಿರಲಿಲ್ಲ.

ಸಿಟ್ಟಿನಲ್ಲಿ ಬರೆದ ಎರಡು ಪತ್ರಕ್ಕೆ ಉತ್ತರವೇ ಬರಲಿಲ್ಲ. ಆಮೇಲೆ ವಕೀಲರಿಂದ ನೋಟಿಸ್ ಕೊಡಿಸಿದೆ. ಸುಮಾರು 4,000 ರೂಪಾಯಿ ಹೋಯ್ತು. ಅದರಲ್ಲಿ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 2012ರ ತಿದ್ದುಪಡಿ ಹಿಡಿದುಕೊಂಡಿದ್ದೆವು. ಕರಾರಿನ ಕಾಲಕ್ಕೆ ಬಳಕೆಯಲ್ಲಿಲ್ಲದ ಮಾಧ್ಯಮದ ಹಕ್ಕು, ಹೆಸರು ಹೇಳಿ ಬರೆದುಕೊಡದಿದ್ದರೆ, ಹೋಗಲ್ಲ ಅನ್ನೋ ಮಾತು. ನಿಮ್ಮ ಕರಾರು ಅದಕ್ಕಿಂತ ಹಳೇದು ಅಂತ ಪ್ರಕಾಶಕರು ಎರಡೇ ಸಾಲಿನಲ್ಲಿ ತಳ್ಳಿಹಾಕಿದರು. ಆರೇಳು ತಿಂಗಳು ದಂಡವಾಯ್ತು.

ಕೊನೆಗೆ ಕಾಯ್ದೆಯನ್ನು ನಾನೇ ಕೂತು ಓದಿದೆ. ಕೈಹಿಡಿದದ್ದು ಕಲಂ 19(5). ಹಕ್ಕು ವಹಿಸಿಕೊಟ್ಟ ಪತ್ರದಲ್ಲಿ ಅವಧಿ ಇಲ್ಲ ಅಂದ್ರೆ ಅದು ಐದೇ ವರ್ಷ. ಇದು 1994ರ ತಿದ್ದುಪಡಿಯಲ್ಲೇ ಬಂದದ್ದು, ನನ್ನ ಕರಾರಿಗೆ ಸಲ್ಲುತ್ತದೆ. ಅಂದರೆ 2008ಕ್ಕೇ ಹಕ್ಕು ನನಗೆ ವಾಪಸ್ ಬಂದಿತ್ತು! ಈ ಸಲ ಒಂದೇ ಪುಟದ ಪತ್ರ, ಜೊತೆಗೆ ಕರಾರಿನ ಪ್ರತಿ, ರಿಜಿಸ್ಟರ್ಡ್ ಪೋಸ್ಟ್. ಹದಿನೈದಿಪ್ಪತ್ತು ದಿನದಲ್ಲಿ ಇ-ಬುಕ್ ತೆಗೆದರು. ಪತ್ರದ ಕೊನೆಯ ಸಾಲು ಮಾತ್ರ ನನ್ನ ಹತ್ತಿರವೇ ಇರಲಿ. ಇನ್ನೊಂದು ಪುಸ್ತಕದ ಮಾತುಕತೆ ಇನ್ನೂ ನಡೀತಿದೆ.

ಯಾರೋ ಪುಸ್ತಕದ ಕದ್ದ ಪಿಡಿಎಫ್ ಒಂದು ಜಾಲತಾಣಕ್ಕೆ ಹಾಕಿದ್ದರು, ಆ ವಿಷಯದಲ್ಲಿ ಸೋತೆ. ದೂರು ಕೊಟ್ಟ 36 ಗಂಟೆಯೊಳಗೆ ಜಾಲತಾಣದವರು ತೆಗೆದರು, ಖುಷಿಪಟ್ಟೆ. ಅದು ಮತ್ತೆ ಬರದಂತೆ ತಡೆಯೋಕೆ 21 ದಿನದಲ್ಲಿ ಕೋರ್ಟ್ ಆದೇಶ ತರಬೇಕಿತ್ತು, ನಾನು ತರಲಿಲ್ಲ. ತಿಂಗಳೊಳಗೆ ಫೈಲ್ ಮತ್ತೆ ಅಲ್ಲೇ ಇತ್ತು.

ಎಲ್ಲಕ್ಕಿಂತ ಜಾಸ್ತಿ ಬೆವರಿಳಿಸಿದ್ದು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಪುಸ್ತಕದ ಹಳೇ ಫೈಲ್. ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿದರೆ ಅರ್ಕಾವೊತ್ತೆಲ್ಲ ಜಾಗ ತಪ್ಪಿತ್ತು. 'ಸೂರ್ಯ' ಇದ್ದಲ್ಲಿ 'ಸೂಯರ್', 'ಕಾರ್ಯ' ಇದ್ದಲ್ಲಿ 'ಕಾಯರ್'. ಒಂದು ಕಥೆಯಲ್ಲೇ ಇಂಥವು ಎಂಬತ್ತೋ ತೊಂಬತ್ತೋ ಸಿಕ್ಕವು. ಕರಡು ತಿದ್ದಿದವರಿಗೆ 6,000 ಕೊಟ್ಟೆ, ಮುಖಪುಟಕ್ಕೆ ಎರಡು ಸಾವಿರ. ಹಳೇ ಮುಖಪುಟ ಬಳಸೋ ಹಾಗಿರಲಿಲ್ಲ, ಆ ಚಿತ್ರದ ಹಕ್ಕು ನನ್ನದಲ್ಲ ಅಲ್ವಾ? ನೋಟಿಸಿನದ್ದೂ ಸೇರಿ ಒಟ್ಟು ಹನ್ನೆರಡು ಸಾವಿರ ಖರ್ಚು. ಮೊದಲ ವರ್ಷವೇ ಹದಿನಾಲ್ಕು ಸಾವಿರದ ಹತ್ತಿರ ಬಂತು. ಅಚ್ಚಾದ ಪುಸ್ತಕದಿಂದ ಅಷ್ಟು ವರ್ಷಕ್ಕೂ ಸೇರಿ ಬಂದ ರಾಯಲ್ಟಿ 3,000 ದಾಟಿರಲಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಹತ್ತು ಪ್ರಬಂಧಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ವಿಕಿಸೋರ್ಸ್ ಅನ್ನೋ ಉಚಿತ ಆನ್‌ಲೈನ್ ಗ್ರಂಥಾಲಯಕ್ಕೆ ಕೊಟ್ಟೆ. ಅದನ್ನು ಯಾರು ಬೇಕಾದರೂ ಅಚ್ಚು ಹಾಕಿ ಮಾರಬಹುದು, ಕೊಟ್ಟಮೇಲೆ ವಾಪಸ್ ಪಡೆಯೋ ಹಾಗಿಲ್ಲ. ಗೊತ್ತಿದ್ದೇ ಕೊಟ್ಟೆ. ಅವನ್ನು ಓದಿದ ನಾಲ್ಕೈದು ಜನ ಕಥೆಗಳ ಪುಸ್ತಕ ಎಲ್ಲಿ ಸಿಗುತ್ತೆ ಅಂತ ಕೇಳಿ ಬರೆದರು. ಕಥೆಗಳನ್ನು ಮಾತ್ರ ಹಾಗೆ ಕೊಡಲ್ಲ.