ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಇರಲಿ

2025ರ ಏಪ್ರಿಲ್ 12, ಶನಿವಾರ. ತರಕಾರಿ ಅಂಗಡಿಯಲ್ಲಿ ಟೊಮೇಟೊ, ಹುರುಳಿಕಾಯಿ ತೂಗಿಸಿ, ಎರಡು ಕಟ್ಟು ದಂಟಿನ ಸೊಪ್ಪು ಚೀಲಕ್ಕೆ ಹಾಕಿಸಿಕೊಂಡು ಫೋನ್ ತೆಗೆದೆ. ಯುಪಿಐ ಗಿರಗಿರ ಸುತ್ತುತ್ತಲೇ ಇತ್ತು. ಜೇಬಿನಲ್ಲಿ ಇದ್ದದ್ದು ಹತ್ತರ ಒಂದು ನೋಟು, ಅದೂ ಹರಿದದ್ದು. ಅಂಗಡಿಯಮ್ಮ "ತಗೊಂಡೋಗಣ್ಣ, ನಾಳೆ ಕೊಡು" ಅಂದರು. ಅಲ್ಲಿಂದ ಮೆಡಿಕಲ್ ಶಾಪಿಗೆ ಹೋದರೆ ಅಲ್ಲಿ ಆ ಮಾತು ಬರಲಿಲ್ಲ. ಅಮ್ಮನ ಬಿಪಿ ಮಾತ್ರೆ ಕೌಂಟರ್ ಮೇಲೇ ಉಳಿಯಿತು.

ಅವತ್ತು ದೇಶದ ತುಂಬಾ ಯುಪಿಐ ಕೈಕೊಟ್ಟಿತ್ತು. ಸಂಜೆ ಹೊತ್ತಿಗೆ ಸರಿಹೋಯಿತು, ಎಲ್ಲರೂ ಮರೆತರು. ನಾನು ಮಾತ್ರ ಮನೆಗೆ ಬಂದು, ಯುಪಿಐ, ಕರೆಂಟ್, ನೆಟ್ ಕೈಕೊಟ್ಟ ದಿನಕ್ಕೆ ಮನೆಯಲ್ಲಿ ಏನೇನು ಇರಬೇಕು ಅಂತ ಒಂದು ಪಟ್ಟಿ ಮಾಡಿದೆ. ಆಮೇಲೆ ಅದನ್ನು ಮೂರು ಸಲ ತಿದ್ದಿದ್ದೇನೆ. ಇಲ್ಲಿ ಬರೆಯುತ್ತಿರುವುದು ಅದನ್ನೇ.

ಮೊದಲು ಒಂದು ವಿಷಯ. ಪ್ರಳಯಕ್ಕೆ ತಯಾರಿ ಮಾಡಬೇಡಿ, ಮೂರು ದಿನಕ್ಕೆ ಮಾಡಿ. ಮೂರು ಗಟ್ಟಿಯಾದರೆ ಏಳಕ್ಕೆ ಹಿಗ್ಗಿಸಿ. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್, ಪೋರ್ಚುಗಲ್ ಎರಡೂ ದೇಶಗಳಲ್ಲಿ ಒಟ್ಟಿಗೆ ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿನಲ್ಲೇ ಮೊಬೈಲೂ ಮಲಗಿತು, ಕಾರ್ಡ್ ಮೆಷಿನ್ ಸತ್ತವು, ಜನ ರೇಡಿಯೋ ಹುಡುಕಿಕೊಂಡು ಅಂಗಡಿಗೆ ಓಡಿದರು. ಮರುದಿನ ಬೆಳಿಗ್ಗೆಯ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಕಡೆ ಕರೆಂಟ್ ಬಂತು. ನಿಜವಾಗಿ ಆಗುವುದು ಈ ಥರದ್ದೇ. ಒಂದು ದಿನ, ಎರಡು ದಿನ, ಆದರೆ ಎಲ್ಲವೂ ಒಟ್ಟಿಗೆ.

ನಮ್ಮಲ್ಲಿ ಅಷ್ಟೆಲ್ಲ ಆಗಲ್ಲ ಅನ್ನುವವರಿಗೆ ಒಂದು ಮಾತು. 2012ರ ಜುಲೈ 30, 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದಲ್ಲಿ ಗ್ರಿಡ್, ಅಂದರೆ ಕರೆಂಟ್ ಸಾಗಿಸುವ ಜಾಲ, ಬಿದ್ದು ಸುಮಾರು 60 ಕೋಟಿ ಜನ ಕತ್ತಲೆಯಲ್ಲಿ ಕೂತಿದ್ದಾಗ ನಮಗೆ ಏನೂ ಆಗಲಿಲ್ಲ, ಯಾಕೆಂದರೆ ಆಗ ದಕ್ಷಿಣದ ಗ್ರಿಡ್ ಬೇರೆಯಾಗಿ ಓಡುತ್ತಿತ್ತು. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೋಲಾಪುರ ಲೈನ್ ಚಾಲೂ ಆಗಿ ನಾವೂ ಅದೇ ಗ್ರಿಡ್ಡಿಗೆ ಸೇರಿಕೊಂಡೆವು. ಕರೆಂಟ್ ಕಮ್ಮಿ ಬಿದ್ದಾಗ ಅಲ್ಲಿಂದ ತರಿಸಬಹುದು, ಅದು ಒಳ್ಳೆಯದೇ. ಆದರೆ ಅಲ್ಲಿನ ತಾಪತ್ರಯ ಇನ್ನು ಇಲ್ಲಿಗೂ ಬರಬಹುದು.

ಈಗ ದುಡ್ಡಿನ ಕಡೆಗೆ ಬರೋಣ, ಎಲ್ಲರೂ ಎಡವುವುದು ಇಲ್ಲೇ. ಒಂದು ವಾರಕ್ಕೆ ಮನೆಗೆ ಏನೇನು ಖರ್ಚು ಅಂತ ಬರೆಯಿರಿ. ಹಾಲು, ತರಕಾರಿ, ಔಷಧಿ, ಪೆಟ್ರೋಲ್, ಆಟೋ, ಮನೆಕೆಲಸದವರಿಗೆ ಕೊಡಬೇಕಾದ್ದು. ನಮ್ಮ ನಾಲ್ಕು ಜನರ ಮನೆಗೆ ಏಳು ಸಾವಿರ ಬಂತು. ಅಷ್ಟನ್ನು ನಗದು ಇಟ್ಟಿದ್ದೇನೆ, ಆದರೆ ಐನೂರರ ಹದಿನಾಲ್ಕು ನೋಟು ಇಟ್ಟರೆ ಕೆಲಸಕ್ಕೆ ಬಾರದು. ಎಲ್ಲರ ಯುಪಿಐ ನಿಂತ ದಿನ ಯಾವ ಅಂಗಡಿಯವರ ಹತ್ತಿರವೂ ಚಿಲ್ಲರೆ ಇರಲ್ಲ, ಅಲ್ವಾ? ನನ್ನ ಡಬ್ಬಿಯಲ್ಲಿ ಐನೂರರದು ನಾಲ್ಕೇ, ನೂರರದು ಮೂವತ್ತೈದು, ಐವತ್ತರದು ಇಪ್ಪತ್ತು, ಉಳಿದ ಐನೂರು ರೂಪಾಯಿಗೆ ಹತ್ತು ಇಪ್ಪತ್ತರ ನೋಟು. ಅಜ್ಜಿ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುತ್ತಿದ್ದದ್ದನ್ನು ನೋಡಿ ನಕ್ಕವರು ನಾವೇ, ಈಗ ನಮ್ಮನೆಯಲ್ಲೂ ಅದೇ ಡಬ್ಬಿ. ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ. ತಿಂಗಳ ಕೊನೆಗೆ ಕೈಖಾಲಿ ಅಂತ ಅದಕ್ಕೆ ಕೈಹಾಕಿದರೆ ಸಂಬಳ ಬಂದ ದಿನವೇ ತುಂಬಿಸಿ.

ಅಂದಹಾಗೆ ನಗದು ಬೇಕಾಗಲು ಸರ್ವರ್ ಬೀಳಲೇಬೇಕು ಅಂತೇನಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ "ನೋ ಯುಪಿಐ, ಓನ್ಲಿ ಕ್ಯಾಶ್" ಬೋರ್ಡ್ ಬಂದಿತ್ತು.

ಖಾತೆ ಎರಡು ಬ್ಯಾಂಕಿನಲ್ಲಿ ಇರಲಿ. 2024ರ ಜುಲೈ ಕೊನೆಯಲ್ಲಿ, ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದು ಕಂಪನಿಯ ಮೇಲೆ ಸೈಬರ್ ದಾಳಿ ಆಗಿ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತುಹೋಗಿತ್ತು, ಅದರಲ್ಲಿ ಸಹಕಾರಿ ಬ್ಯಾಂಕುಗಳೂ ಗ್ರಾಮೀಣ ಬ್ಯಾಂಕುಗಳೂ ಇದ್ದವು. ಒಂದೇ ಖಾತೆ ನಂಬಿದವರು ಅವತ್ತು ಕಾಯುತ್ತಾ ಕೂತರು. ಪ್ಲಾಸ್ಟಿಕ್ ಕಾರ್ಡನ್ನು ಬೀರುವಿನಿಂದ ಪರ್ಸಿಗೆ ತನ್ನಿ, ಪಿನ್ ನೆನಪಿದೆಯಾ ಅಂತ ಒಂದು ಸಲ ಎಟಿಎಂನಲ್ಲಿ ನೋಡಿ. ಯುಪಿಐ ಲೈಟ್‌ನಲ್ಲಿ, ಅಂದರೆ ಯುಪಿಐ ಆ್ಯಪ್‌ನೊಳಗಿನ ಪುಟ್ಟ ಪರ್ಸಿನಲ್ಲಿ, 5,000 ರೂಪಾಯಿವರೆಗೆ ಹಾಕಿಟ್ಟರೆ ನಿಮ್ಮ ಬ್ಯಾಂಕಿನ ಸರ್ವರ್ ಸುಸ್ತಾದಾಗಲೂ ಸಣ್ಣಪುಟ್ಟ ಖರ್ಚು ನಡೆಯುತ್ತದೆ. ಇಂಟರ್ನೆಟ್ ಇಲ್ಲ, ಸಿಗ್ನಲ್ ಇದೆ ಅಂದರೆ ಸ್ಟಾರ್ 99 ಹ್ಯಾಶ್ ಒತ್ತಿ ದುಡ್ಡು ಕಳಿಸಬಹುದು, ಅದರಲ್ಲಿ ಕನ್ನಡವೂ ಇದೆ. ಆದರೆ ಯುಪಿಐ ವ್ಯವಸ್ಥೆಯೇ ಬಿದ್ದರೆ ಅದೂ ಬೀಳುತ್ತದೆ. ಹಾಗಾಗಿ ಡಬ್ಬಿಯ ಬದಲು ಇದು ಸಾಕು ಅಂದುಕೊಳ್ಳಬೇಡಿ.

ಹಾಗಂತ ಹೆದರಿ ಎಫ್‌ಡಿ ಮುರಿಸಿ ಮನೆಗೆ ತಂದಿಟ್ಟುಕೊಳ್ಳುವುದು ದಡ್ಡತನ. ಸರ್ವರ್ ಬಿದ್ದ ಮಾತ್ರಕ್ಕೆ ನಿಮ್ಮ ದುಡ್ಡು ಹೋಗಲ್ಲ. ಬ್ಯಾಂಕೇ ಮುಳುಗಿದರೂ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಮನೆಗೆ ಕಳ್ಳ ಬಂದರೆ ಅದೂ ಇಲ್ಲ. ಚಿನ್ನ ಕೊಂಡಿಟ್ಟುಕೊಳ್ಳಿ ಅಂತ ನನ್ನ ಭಾವ ಹೇಳುತ್ತಲೇ ಇರುತ್ತಾರೆ. ಉಂಗುರ ಕೊಟ್ಟು ಹಾಲಿನ ಪ್ಯಾಕೆಟ್ ತರೋಕಾಗುತ್ತಾ?

ಅದಕ್ಕಿಂತ ಪಾಸ್‌ಬುಕ್ ಎಂಟ್ರಿ ಮಾಡಿಸಿ. ನಿಜವಾಗಿ ಹೇಳುತ್ತಿದ್ದೇನೆ, ನಾನು ನಾಲ್ಕು ವರ್ಷದಿಂದ ಮಾಡಿಸಿರಲಿಲ್ಲ. ಮೂರು ತಿಂಗಳಿಗೊಮ್ಮೆ ಹೋಗಿ ಮಾಡಿಸಿದರೆ ನಿಮ್ಮ ಖಾತೆಯಲ್ಲಿ ಎಷ್ಟಿತ್ತು ಅನ್ನುವುದಕ್ಕೆ ಕಾಗದದ ಸಾಕ್ಷಿ ಇರುತ್ತದೆ. ಇನ್ಶೂರೆನ್ಸ್ ಪಾಲಿಸಿ ನಂಬರ್, ಮ್ಯೂಚುವಲ್ ಫಂಡ್ ಫೋಲಿಯೋ ನಂಬರ್, ಯಾವ ಇಎಂಐ ಯಾವ ತಾರೀಖಿಗೆ ಕಟ್ ಆಗುತ್ತದೆ ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪಾಸ್‌ವರ್ಡ್, ಪಿನ್ ಬರೆಯಬೇಡಿ. ಆಧಾರ್, ಡಿಎಲ್, ಆರ್‌ಸಿ, ಹೆಲ್ತ್ ಕಾರ್ಡ್ ಜೆರಾಕ್ಸ್ ಅದೇ ಬುಕ್ಕಿನೊಳಗೆ. ಡಿಜಿಲಾಕರ್‌ನಲ್ಲಿ ಇದೆಯಲ್ಲ ಅನ್ನಬೇಡಿ, ನೆಟ್ ಇಲ್ಲದ ದಿನಕ್ಕೇ ಅಲ್ವಾ ಈ ಸಿದ್ಧತೆ.

ನೀರು. ಕರೆಂಟ್ ಇಲ್ಲ ಅಂದರೆ ಮೋಟಾರ್ ಇಲ್ಲ, ಸಂಪಿನಲ್ಲಿ ನೀರಿದ್ದರೂ ಟ್ಯಾಂಕ್ ಖಾಲಿ. ಮನೆಯ ಇನ್ವರ್ಟರ್ ಫ್ಯಾನು ಲೈಟಿಗೆ ಸಾಕು, ಮೋಟಾರ್ ಎಳೆಯಲ್ಲ. ಸಂಪ್ ಇದ್ದವರು ಒಂದು ಬಕೆಟ್ಟು, ಉದ್ದ ಹಗ್ಗ ಇಡಿ. ಅಪಾರ್ಟ್‌ಮೆಂಟಿನವರು ಜನರೇಟರಿಗೆ ಎಷ್ಟು ಗಂಟೆಯ ಡೀಸೆಲ್ ಇದೆ, ಅದರಲ್ಲಿ ನೀರಿನ ಮೋಟಾರ್ ಓಡುತ್ತಾ ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳಿ. ಕುಡಿಯಲು ಒಬ್ಬರಿಗೆ ದಿನಕ್ಕೆ ಮೂರು ನಾಲ್ಕು ಲೀಟರ್ ಲೆಕ್ಕ ಹಾಕಿ ಮೂರು ದಿನಕ್ಕೆ ತುಂಬಿಡಿ. ವಾಟರ್ ಫಿಲ್ಟರ್ ಕೂಡ ಕರೆಂಟಿನದ್ದೇ ಅನ್ನುವುದು ನೆನಪಿರಲಿ.

ಅಡುಗೆಮನೆ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅಕ್ಕಿ, ರಾಗಿಹಿಟ್ಟು, ಬೇಳೆ, ಬೆಲ್ಲ ಹೇಗೂ ಇರುತ್ತವೆ. ಮಿಕ್ಸಿ ಇಲ್ಲದ ದಿನಕ್ಕೆ ಅವಲಕ್ಕಿ, ರವೆ ಸ್ವಲ್ಪ ಹೆಚ್ಚೇ ಇರಲಿ, ಸಾರಿನ ಪುಡಿಯೂ ಮುಗಿಯದಂತೆ ನೋಡಿಕೊಳ್ಳಿ. ಎರಡು ಸಿಲಿಂಡರ್‌ನಲ್ಲಿ ಒಂದು ಖಾಲಿಯಾದ ತಕ್ಷಣ ಬುಕ್ ಮಾಡಿ. ಡೆಲಿವರಿಗೂ ಈಗ ಫೋನಿಗೆ ಬರುವ ಕೋಡ್ ಕೇಳುತ್ತಾರೆ, ಸಿಗ್ನಲ್ ಇಲ್ಲದ ದಿನ ಅದು ಎಲ್ಲಿಂದ ಬರಬೇಕು? ಬೆಂಕಿಪೊಟ್ಟಣ ಮರೆಯಬೇಡಿ. ಔಷಧಿ ಹದಿನೈದು ದಿನದ್ದು ಮುಂಗಡ ಇರಲಿ. ಇನ್ಸುಲಿನ್ ತಗೊಳ್ಳುವವರಿದ್ದರೆ ಫ್ರಿಜ್ ನಿಂತಾಗ ಏನು ಮಾಡಬೇಕು ಅಂತ ಡಾಕ್ಟರ್ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ.

ಸುದ್ದಿಗೆ ಸೆಲ್ ಹಾಕುವ ಸಣ್ಣ ರೇಡಿಯೋ ಒಂದು ಸಾಕು. ಬೆಂಗಳೂರಿನಲ್ಲಿ 101.3ರಲ್ಲಿ ಆಕಾಶವಾಣಿ ಸಿಗುತ್ತದೆ. ಮುಖ್ಯವಾದ ಫೋನ್ ನಂಬರುಗಳನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆಯಿರಿ. ನನ್ನ ಹೆಂಡತಿಯ ನಂಬರ್ ನನಗೆ ಬಾಯಿಗೆ ಬರಲ್ಲ ಅಂತ ಗೊತ್ತಾದ ದಿನ ಮನೆಯಲ್ಲಿ ಸಣ್ಣ ಜಗಳವೇ ಆಯಿತು.

ಇನ್ನೊಂದು ವಿಷಯ ಯಾವ ಪಟ್ಟಿಯಲ್ಲೂ ಇರಲ್ಲ. ನಿಮ್ಮ ಬೀದಿಯ ದಿನಸಿ ಅಂಗಡಿಗೆ ವಾರಕ್ಕೆ ಎರಡು ಸಲ ಹೋಗಿ. ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್‌ನಿಂದಲೇ ಎಲ್ಲ ತರಿಸಿದರೆ, ಕೆಟ್ಟ ದಿನ "ಲೆಕ್ಕಕ್ಕೆ ಬರ್ಕೊಳಿ" ಅನ್ನಲು ನಿಮಗೆ ಮುಖಪರಿಚಯ ಇರುವ ಒಬ್ಬರೂ ಇರಲ್ಲ. ಅವತ್ತು ನನ್ನನ್ನು ನಂಬಿ ತರಕಾರಿ ಕೊಟ್ಟದ್ದು ಆ್ಯಪ್ ಅಲ್ಲ, ಅಂಗಡಿಯಮ್ಮ.

1999ರಲ್ಲಿ ವೈಟುಕೆ ಅಂತ, ಅಂದರೆ 2000ನೇ ಇಸವಿ ಬಂದರೆ ಕಂಪ್ಯೂಟರುಗಳು ತಾರೀಖು ತಪ್ಪಿ ಕೆಡುತ್ತವೆ ಅಂತ, ಎಲ್ಲರೂ ಹೆದರಿದ್ದರು, ಆಮೇಲೆ ಏನೂ ಆಗಲಿಲ್ಲವಲ್ಲ ಅಂತ ಕೆಲವರು ನಗುತ್ತಾರೆ. ಆಗಲಿಲ್ಲ, ಯಾಕೆಂದರೆ ಬೆಂಗಳೂರಿನವರೂ ಸೇರಿ ಸಾವಿರಾರು ಜನ ಕೂತು ಕೋಡ್ ತಿದ್ದಿದರು. ಹಳೆಯ 32 ಬಿಟ್ ಸಿಸ್ಟಮ್‌ಗಳ ಗಡಿಯಾರಕ್ಕೆ ಮುಂದಿನ ಕಂಟಕ 2038ರ ಜನವರಿ 19, ನಮ್ಮ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ, ಸೆಕೆಂಡ್ ಎಣಿಸಲು ಅವುಗಳಲ್ಲಿರುವ ಜಾಗ ಆಗ ತುಂಬಿಹೋಗುತ್ತದೆ. ಅದಕ್ಕಿನ್ನೂ ಟೈಮಿದೆ, ತಿದ್ದುವವರೂ ಇದ್ದಾರೆ.

ಎಲ್ಲ ಮಾಡಿಟ್ಟ ಮೇಲೆ ಒಂದು ಭಾನುವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ಮೇನ್ ಸ್ವಿಚ್ ಆಫ್ ಮಾಡಿ, ಫೋನುಗಳನ್ನು ಬೀರುವಿನಲ್ಲಿಟ್ಟು ನೋಡಿ. ನಾವು ಮಾಡಿದ ದಿನ ರೇಡಿಯೋಗೆ ಸೆಲ್ ಇಲ್ಲ ಅಂತ ಹತ್ತು ಗಂಟೆಗೆ ಗೊತ್ತಾಯಿತು. ಟಾರ್ಚಿನೊಳಗಿನ ಸೆಲ್ ಸೋರಿ ಹಸಿರುಗಟ್ಟಿದ್ದು ಸಂಜೆ ಏಳಕ್ಕೆ ಗೊತ್ತಾಯಿತು. ಕೊನೆಗೆ ಸಾಸಿವೆ ಡಬ್ಬಿಯಿಂದ ಐವತ್ತರ ಎರಡು ನೋಟು ತೆಗೆದುಕೊಂಡು ಅಂಗಡಿಗೆ ಹೋಗಿ ಸೆಲ್ಲು, ಮೇಣದಬತ್ತಿ ತಂದೆ.