ಓಟ್ಸ್ ಇಳಿಸಿದೆ, ಚಂಪಾ ಮೈ ತುಂಬಿದಳು: ನನ್ನ ಅನುಭವ

ರೇಸಿನಿಂದ ಹೊರಬಂದ ಥರೋಬ್ರೆಡ್ (ರೇಸಿನ ತಳಿ) ಕುದುರೆ ಸಾಕಿದವರಿಗೆಲ್ಲ ಈ ತಲೆನೋವು ಗೊತ್ತು. ತಿನ್ನುತ್ತದೆ, ಮೈಗೆ ಹತ್ತುವುದಿಲ್ಲ. ಪುಣೆಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ದಾಣಿ (ಓಟ್ಸಿನಂಥ ಕಾಳಿನ ತಿನಿಸು) ಜಾಸ್ತಿ ಮಾಡಿ. ನಾನು ಉಲ್ಟಾ ಮಾಡಿದೆ. ದಾಣಿ ಅರ್ಧಕ್ಕಿಂತ ಕೆಳಗೆ ಇಳಿಸಿದೆ, ಹುಲ್ಲು ಏರಿಸಿದೆ, ಎಣ್ಣೆ ಹಾಕಿದೆ. ಆಗ ತಲೆ ಅಲ್ಲಾಡಿಸಿದವರೇ ಈಗ ಫೋನ್ ಮಾಡಿ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅಂಥದ್ದೇ ಹೆಣ್ಣು ಕುದುರೆ ಚಂಪಾ ನಮ್ಮ ಲಾಯಕ್ಕೆ ಬಂದಾಗ ಪಕ್ಕೆಲುಬು ದೂರದಿಂದಲೇ ಎಣಿಸಬಹುದಿತ್ತು. ಎದೆಯ ಸುತ್ತಳತೆ 168 ಸೆಂ.ಮೀ., ಉದ್ದ 158. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕುದುರೆಯ ತೂಕ ಅಂದಾಜಿಗೆ ಕಿಲೋದಲ್ಲಿ ಸಿಗುತ್ತದೆ. ಸುಮಾರು 375 ಕಿಲೋ ಬಂತು. ಅವಳ ಎತ್ತರಕ್ಕೆ 430 ಆದರೂ ಬೇಕು.

ಮೊದಲಿಗೆ ಎಲ್ಲರೂ ಹೇಳಿದ ದಾರಿಯಲ್ಲೇ ಹೋದೆ. ದಿನಕ್ಕೆ 6 ಕಿಲೋ ಓಟ್ಸ್, ಎರಡು ಹೊತ್ತು. ಸಗಣಿ ತೆಳುವಾಯಿತು, ಕಾಳು ಹಾಗೇ ಹೊರಗೆ ಬಂತು. ಅವಳಿಗೆ ಸಿಟ್ಟು ಹೆಚ್ಚಾಯಿತು, ಜೀನು ಬಿಗಿಯಲು ಹೋದರೆ ಕಚ್ಚಲು ಬರುತ್ತಿದ್ದಳು. ಆಮೇಲೆ ಹೊರದೇಶದ ಒಂದು 'ವೇಟ್ ಗೇನ್' ಪುಡಿ. ಬಕೆಟ್ಟಿಗೆ ಏಳೆಂಟು ಸಾವಿರ ರೂಪಾಯಿ, ಒಂದು ತಿಂಗಳಿಗೆ ಖಾಲಿ. ಎರಡು ಬಕೆಟ್ ಮುಗಿದರೂ ಟೇಪು ಅಲ್ಲೇ ನಿಂತಿತ್ತು. ಡಬ್ಬಿಯ ಹಿಂಬದಿ ಓದಿ ನೋಡಿ: ಅಕ್ಕಿ ತೌಡು, ಸೋಯಾ, ಒಂದಿಷ್ಟು ವಿಟಮಿನ್. ಅದೇ ಸಾಮಾನು ಮಾರ್ಕೆಟ್ ಯಾರ್ಡಿನ ಭುಸಾರ್ (ದವಸಧಾನ್ಯದ) ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ.

ದಾಣಿ ಬದಲಿಸುವ ಮೊದಲು ಬಾಯಿ, ಹೊಟ್ಟೆ, ರಕ್ತ ಈ ಮೂರನ್ನು ನೋಡಿಸಲೇಬೇಕು. ಚಂಪಾಳ ಬಾಯಿಂದ ಅರ್ಧ ಅಗಿದ ಹುಲ್ಲಿನ ಉಂಡೆ ಬೀಳುತ್ತಿತ್ತು. ಹಲ್ಲಿಗೆ ಅರ ಹಾಕಿಸಿದೆ, ಅದು ನಿಂತಿತು. ಲದ್ದಿ ಪರೀಕ್ಷೆ ಮಾಡಿಸಿ, ಮೊಟ್ಟೆ ಕಂಡ ಮೇಲೆ ಜಂತುಹುಳದ ಔಷಧಿ ಕೊಟ್ಟೆವು. ಕಚ್ಚುವ ಸ್ವಭಾವ ನೋಡಿ ಡಾಕ್ಟರು ಹೊಟ್ಟೆಹುಣ್ಣಿರಬೇಕು ಎಂದು ಆಮ್ಲ ತಗ್ಗಿಸುವ ಒಮೆಪ್ರಝೋಲ್ ಪೇಸ್ಟ್ ಶುರು ಮಾಡಿದರು. ಆ ಪೇಸ್ಟ್ ಅಗ್ಗವಲ್ಲ. ನನ್ನ ಖರ್ಚಿನಲ್ಲಿ ದೊಡ್ಡ ಪಾಲು ಅದೇ. ಆದರೆ ಅದಿಲ್ಲದೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಇನ್ನು ನಾನು ಕೊಟ್ಟ ತಿನಿಸು. ಒಣಹುಲ್ಲು 6 ಕಿಲೋ ಮೇಲೆ. ಒಣಗಿಸಿದ ಕುದುರೆ ಮಸಾಲೆ ಮೇವು (ಲೂಸರ್ನ್) ಎರಡೂವರೆ ಕಿಲೋದ ಹತ್ತಿರ. ಓಟ್ಸ್ ಎರಡೂವರೆ ಕಿಲೋ, ಅದನ್ನೂ ಮೂರು ಹೊತ್ತಿಗೆ ಹಂಚಿ. ಅಕ್ಕಿ ತೌಡಿನ ಎಣ್ಣೆ 400 ಮಿಲಿ. ಉಪ್ಪು, ಖನಿಜ ಮಿಶ್ರಣ. ಎಣ್ಣೆ ಹಾಕಿದರೆ ವಿಟಮಿನ್ ಇ ಮರೆಯಬೇಡಿ, ಪ್ರತಿ 100 ಮಿಲಿಗೆ ಕನಿಷ್ಠ 100 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ). ರಾತ್ರಿ ಬಲೆಯಲ್ಲಿ ಹುಲ್ಲು ತೂಗಿಬಿಟ್ಟು ಮಲಗುತ್ತೇವೆ, ಬೆಳಗಿನ ಜಾವಕ್ಕೂ ಸ್ವಲ್ಪ ಉಳಿದಿರಬೇಕು. ಸವಾರಿಗೆ ಮುಂಚೆ ಒಂದು ಹಿಡಿ ಕುದುರೆ ಮಸಾಲೆ. ಖಾಲಿ ಹೊಟ್ಟೆಯಲ್ಲಿ ಓಡಿಸುವುದೇ ಇಲ್ಲ.

ನಮ್ಮ ಸೈಸ್ (ಕುದುರೆ ನೋಡಿಕೊಳ್ಳುವವರು) ಕಾಕಾ ಕಲಬುರಗಿ ಕಡೆಯವರು, ಇಡೀ ಜೀವಮಾನ ಕುದುರೆಗಳ ಜೊತೆಗೇ ಕಳೆದವರು. "ಸರ, ಕಾಳು ಕಡಿಮಿ ಮಾಡಿದ್ರ ಕುದುರಿ ಹೆಂಗ ಮೈ ತುಂಬ್ತದ್ರಿ?" ಅಂದರು. ಲಾಯದ ಇನ್ನೊಬ್ಬರು, "ಕುದುರೆಗೆ ಪಿತ್ತಕೋಶವೇ ಇಲ್ಲ, ಎಣ್ಣೆ ಅರಗುತ್ತಾ?" ಎಂದು ಕೇಳಿದರು. ಪಿತ್ತಕೋಶ ಇಲ್ಲ ನಿಜ. ಆದರೆ ಪಿತ್ತ ಯಕೃತ್ತಿನಿಂದ ಒಂದೇ ಸಮ ಇಳಿಯುತ್ತಲೇ ಇರುತ್ತದೆ. ನಿಧಾನವಾಗಿ ಏರಿಸಿದರೆ ಎಣ್ಣೆ ಚೆನ್ನಾಗಿ ಅರಗುತ್ತದೆ. ನಾನು 50 ಮಿಲಿಯಿಂದ ಶುರು ಮಾಡಿ, ಮೂರು ವಾರ ತೆಗೆದುಕೊಂಡು 400ಕ್ಕೆ ಬಂದೆ. ಸಗಣಿ ಜಿಡ್ಡಾದರೆ ಅಲ್ಲೇ ನಿಲ್ಲಿಸಿ. ಆ 400 ಮಿಲಿಯಲ್ಲಿ ಒಂದು ಕಿಲೋ ಓಟ್ಸಿಗಿಂತ ತುಸು ಹೆಚ್ಚೇ ಶಕ್ತಿ ಇದೆ, ಪಿಷ್ಟ ಮಾತ್ರ ಸೊನ್ನೆ.

ಚಂಪಾ ಮೊದಮೊದಲು ಎಣ್ಣೆ ವಾಸನೆಗೆ ಮೂತಿ ತಿರುಗಿಸುತ್ತಿದ್ದಳು. ಅದಕ್ಕೆ ನಾನು ಬೆರೆಸುವ ಒಂದು ಪದಾರ್ಥವಿದೆ, ನಮ್ಮ ಅಡುಗೆಮನೆ ಡಬ್ಬಿಯಲ್ಲೇ ಇರುವಂಥದ್ದು. ಬೆಲ್ಲ ಅಲ್ಲ. ಅಷ್ಟು ಮಾತ್ರ ಹೇಳುತ್ತೇನೆ, ಲಾಯಕ್ಕೆ ಬಂದರೆ ತೋರಿಸುತ್ತೇನೆ.

ದುಡ್ಡಿನ ಲೆಕ್ಕ ಅಂದಾಜಿಗೆ ಹೀಗಿದೆ. ಓಟ್ಸ್ ಕಿಲೋಗೆ 40 ರೂಪಾಯಿ ಹಿಡಿದರೆ ದಿನಕ್ಕೆ 140 ಉಳಿಯಿತು. ಎಣ್ಣೆಗೆ 55-60, ಕುದುರೆ ಮಸಾಲೆಗೆ 60ರ ಸುತ್ತ, ಹೆಚ್ಚಿನ ಹುಲ್ಲಿಗೆ 40. ತಿಂಗಳಿಗೆ ಐನೂರು ಆರುನೂರು ರೂಪಾಯಿ ಮಾತ್ರ ಜಾಸ್ತಿ ಬಿತ್ತು. ಆ ಪುಡಿಯ ಒಂದು ಬಕೆಟ್ ದುಡ್ಡಿನಲ್ಲಿ ಒಂದು ವರ್ಷದ ಈ ವ್ಯತ್ಯಾಸ ತೀರುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ಸುತ್ತಳತೆ 178 ದಾಟಿತು, ಅಂದರೆ 420 ಕಿಲೋ. ಕಚ್ಚುವುದೂ ನಿಂತಿದೆ. ಈಗ ಮಕ್ಕಳು ಹತ್ತಿರ ನಿಂತು ಅವಳ ಮೈ ತಿಕ್ಕುತ್ತಾರೆ.

ನಡುವೆ ಹುರುಳಿಯನ್ನೂ ಪ್ರಯತ್ನಿಸಿದೆ. ನಮ್ಮೂರ ಕಡೆ ಹಿಂದೆ ಕುದುರೆಗೆ ಬೇಯಿಸಿದ ಹುರುಳಿಯೇ ಅಲ್ವಾ? ದಿನಕ್ಕೆ ಅರ್ಧ ಕಿಲೋ ಕೊಟ್ಟೆ. ತೂಕದಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ, ಆದರೆ ಬೆನ್ನಿನ ಮೇಲೆ ಮಾಂಸ ಕೂತಿತು. ಚಳಿಗಾಲಕ್ಕೆ ಮತ್ತೆ ಹಾಕುತ್ತೇನೆ. ಕುದಿಸಿದ ಅಗಸೆ ಬೀಜದಿಂದ ಕೂದಲು ಹೊಳೆಯಿತು. ಪಕ್ಕದ ಹಾಲಿನವರು ಹೈಬ್ರಿಡ್ ನೇಪಿಯರ್ ಹುಲ್ಲು ಅಗ್ಗಕ್ಕೆ ಕೊಡುತ್ತೇನೆ ಅಂದರು. ಅದರಲ್ಲಿ ಆಕ್ಸಲೇಟ್ ಜಾಸ್ತಿ, ಕ್ಯಾಲ್ಸಿಯಂ ಮೈಗೆ ಸಿಗದಂತೆ ಹಿಡಿದಿಡುತ್ತದೆ. ಬರೀ ನೇಪಿಯರ್ ಮೇಲೆ ಕುದುರೆ ನಿಲ್ಲಿಸಬೇಡಿ. ಗೋಧಿ ಬೂಸಾದ್ದೂ ಅದೇ ಕಥೆ, ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಇನ್ನು ದನದ, ಕೋಳಿಯ ರೆಡಿಮೇಡ್ ಫೀಡ್ ಹತ್ತಿರವೂ ತರಬೇಡಿ. ಕೆಲವದರಲ್ಲಿ ಮೊನೆನ್ಸಿನ್ ಎಂಬ ಔಷಧಿ ಇರುತ್ತದೆ. ಸ್ವಲ್ಪವೇ ಸಾಕು, ಕುದುರೆಯ ಹೃದಯ ಹಾಳಾಗಿ ಸಾಯುತ್ತದೆ.

ಹುಲ್ಲನ್ನು ನಾನು ಮೇ ತಿಂಗಳಲ್ಲೇ ತುಂಬಿಸಿಬಿಡುತ್ತೇನೆ. ಜೂನ್ ಮಳೆ ಶುರುವಾದರೆ ರೇಟು ಏರುತ್ತದೆ, ಬೂಷ್ಟು ಹಿಡಿದ ಹೊರೆಯೇ ಸಿಗುತ್ತದೆ. ನೆಲದಿಂದ ಒಂದಡಿ ಮೇಲೆ, ಮರದ ಹಲಗೆಯ ಮೇಲೆ ಇಡಿ.

ಹೋದ ಮಳೆಗಾಲದಲ್ಲಿ ಬಂದ ಇನ್ನೊಂದು ಗಂಡು ಕುದುರೆಗೆ ಇದೇ ತಿನಿಸು ಕೊಟ್ಟೆ. ಚೆನ್ನಾಗಿ ತಿಂದ, ಆದರೂ ಇಳಿಯುತ್ತಲೇ ಹೋದ. ಜ್ವರ ಬಂದು ಹೋಗಿ ಮಾಡುತ್ತಿತ್ತು, ಕಾಲು ಊದುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಸರ್ರಾ ಎಂದು ಬಂತು, ಕಚ್ಚುವ ನೊಣ ತರುವ ರೋಗ. ಅದಕ್ಕೆ ಚಿಕಿತ್ಸೆ ಆಗದೆ ಯಾವ ಎಣ್ಣೆಯೂ ಕೆಲಸ ಮಾಡುವುದಿಲ್ಲ. ಔಷಧಿ ಮುಗಿದು ಜ್ವರ ನಿಂತ ಮೇಲೆ ಮತ್ತೆ ಶುರು ಮಾಡಿದ್ದೇವೆ. ಈಗ ಎಣ್ಣೆ 200 ಮಿಲಿಗೆ ಬಂದಿದೆ. ಪ್ರತಿ ಭಾನುವಾರ, ದಾಣಿಗೆ ಮುಂಚೆ, ಕಾಕಾನೇ ಟೇಪು ಹಿಡಿದು ಅಳೆಯುತ್ತಾರೆ.